ಗೆದ್ದ ವಾದಕ್ಕೆ ಮುಂದಿನ ಬಜೆಟ್‌ವರೆಗೆ ಆಯುಷ್ಯ

ಊದುಬತ್ತಿ ತಯಾರಿಸಿ ಮಾರುತ್ತಿದ್ದ ಪಾಲುದಾರಿಕೆ ಸಂಸ್ಥೆಯೊಂದು 1965ರ ಕೊನೆಗೆ ವಿಸರ್ಜನೆಯಾಗಿ, ಅದರ ಆಸ್ತಿಗಳನ್ನೆಲ್ಲ ಅದೇ ಹೆಸರಿನ ಹೊಸ ಸಂಸ್ಥೆ ವಹಿಸಿಕೊಂಡಿತು. ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಾಬ್ತೊಂದಿತ್ತು: ಅಷ್ಟು ವರ್ಷ ವ್ಯಾಪಾರ ಮಾಡಿ ಗಳಿಸಿದ ಹೆಸರು, ಲೆಕ್ಕಪತ್ರದವರ ಮಾತಿನಲ್ಲಿ ಗುಡ್‌ವಿಲ್. ಅದಕ್ಕೆ ಕಟ್ಟಿದ ಬೆಲೆ ಒಂದೂವರೆ ಲಕ್ಷ ರೂಪಾಯಿ. ಇದು ಬಂಡವಾಳ ಲಾಭ, ತೆರಿಗೆ ಬೀಳಬೇಕು ಎಂದಿತು ಆದಾಯ ತೆರಿಗೆ ಇಲಾಖೆ. ಎದುರು ವಾದ ಸರಳವಾಗಿತ್ತು. ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದರೆ ಉಳಿಯುವುದು ಲಾಭ. ಹೆಸರನ್ನು ಕೊಂಡದ್ದು ಯಾವ ದಿನ, ಎಷ್ಟಕ್ಕೆ? ಕೊಂಡ ದಿನವೂ ಇಲ್ಲ, ಬೆಲೆಯೂ ಇಲ್ಲ ಎಂದಾದರೆ ಕಳೆಯುವುದು ಏನನ್ನು? ನ್ಯಾಯಮಂಡಳಿ ಒಪ್ಪಿತು, ಹೈಕೋರ್ಟ್ ಒಪ್ಪಿತು, 1981ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ತೆರಿಗೆ ಹೇರುವ ಕಲಮು, ಅದನ್ನು ಲೆಕ್ಕ ಹಾಕುವ ಕಲಮು ಎರಡೂ ಜೋಡಿ; ಲೆಕ್ಕ ಹಾಕಲು ಬಾರದ ಕಡೆ ಹೇರಲೂ ಬಾರದು ಎಂದು ನ್ಯಾಯಮೂರ್ತಿ ಪಾಠಕ್ ಬರೆದರು.

ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣ ಎಂದು ಹೆಸರಾದ ಈ ತೀರ್ಪನ್ನು ತೆರಿಗೆ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಆದರೆ ಗೆಲುವಿನ ಫಲ ಉಂಡವರು ಹೆಚ್ಚಿಲ್ಲ. 1987ರ ಹಣಕಾಸು ಕಾಯ್ದೆ, ಗುಡ್‌ವಿಲ್ಲನ್ನು ಹಣ ಕೊಟ್ಟು ಕೊಂಡಿರದಿದ್ದರೆ ಅದರ ಕೊಂಡ ಬೆಲೆಯನ್ನು ಸೊನ್ನೆ ಎಂದು ಹಿಡಿಯತಕ್ಕದ್ದು ಎಂಬ ಒಂದು ಸಾಲು ಸೇರಿಸಿತು. ಸೊನ್ನೆ ಎಂದು ಬರೆದುಕೊಂಡ ಮೇಲೆ ಕಳೆಯುವುದಕ್ಕೇನು ಅಡ್ಡಿ? ಹದಿನೈದು ವರ್ಷ ನಡೆಸಿ ಗೆದ್ದ ವಾದ ಆರು ವರ್ಷಕ್ಕೆ ಅಳಿಸಿಹೋಯಿತು. ಉಳಿದದ್ದು ತತ್ವ ಮಾತ್ರ. ಅದನ್ನು ಬೇರೆ ಬೇರೆ ತೆರಿಗೆಗಳ ವಿಚಾರದಲ್ಲಿ ವಕೀಲರು ಈಗಲೂ ಬಳಸುತ್ತಾರೆ.

ತೆರಿಗೆ ವಕೀಲಿಕೆ ಬೇರೆ ವಕೀಲಿಕೆಗಿಂತ ಬೇರೆಯಾಗುವುದು ಇಲ್ಲಿಯೇ. ಕೊಲೆ ಮೊಕದ್ದಮೆ ಗೆದ್ದವರ ಎದುರಾಳಿ ಮರುವರ್ಷ ದಂಡಸಂಹಿತೆ ತಿದ್ದಿಕೊಂಡು ಬರುವುದಿಲ್ಲ. ಜಮೀನಿನ ವ್ಯಾಜ್ಯ ಸೋತ ದಾಯಾದಿಗೆ ಶಾಸನ ಬರೆಯುವ ಅಧಿಕಾರವಿಲ್ಲ. ತೆರಿಗೆ ವಕೀಲರ ಎದುರು ಕೂತಿರುವುದು ಸರ್ಕಾರ. ಸೋತರೆ ಫೆಬ್ರವರಿಯಲ್ಲಿ ಬಜೆಟ್ ಮಂಡಿಸಿ, ಬೇಕಾದರೆ ಹಿಂದಿನ ದಿನಾಂಕದಿಂದಲೇ, ಕಾನೂನನ್ನು ಬದಲಿಸುವ ಶಕ್ತಿ ಅದಕ್ಕಿದೆ. ಇಂಥ ವೃತ್ತಿಯಲ್ಲಿ ಮೂವತ್ತು ನಲವತ್ತು ವರ್ಷ ಸವೆಸುವವರು ಏನನ್ನು ಕೂಡಿಟ್ಟುಕೊಳ್ಳುತ್ತಾರೆ?

ಭಾರತದಲ್ಲಿ ಆದಾಯ ತೆರಿಗೆ ತಂದದ್ದು 1860ರಲ್ಲಿ ಜೇಮ್ಸ್ ವಿಲ್ಸನ್, 1857ರ ದಂಗೆ ಬರಿದು ಮಾಡಿದ ಖಜಾನೆ ತುಂಬಿಸಲು. ಆದರೆ ತೆರಿಗೆ ವಕೀಲ ಎಂಬ ಪ್ರತ್ಯೇಕ ಮನುಷ್ಯ ಹುಟ್ಟಿದ್ದು 1922ರ ಕಾಯ್ದೆಯ ನಂತರ. ಬೆಳೆದದ್ದು 1941ರ ಜನವರಿ 25ರಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಶುರುವಾದ ಮೇಲೆ. ಅಲ್ಲಿಯವರೆಗೆ ತೆರಿಗೆ ವಿಧಿಸುವವರೂ ಮೇಲ್ಮನವಿ ಕೇಳುವವರೂ ಒಂದೇ ಇಲಾಖೆಯವರು. ನ್ಯಾಯಮಂಡಳಿಯಲ್ಲಿ ಕಾನೂನು ಬಲ್ಲ ಒಬ್ಬ ಸದಸ್ಯ, ಲೆಕ್ಕ ಬಲ್ಲ ಒಬ್ಬ ಸದಸ್ಯ ಅಕ್ಕಪಕ್ಕ ಕೂರುವ ಪದ್ಧತಿ ಬಂತು. ಅದರ ಮೊದಲ ಅಧ್ಯಕ್ಷ ಮುಹಮ್ಮದ್ ಮುನೀರ್ ಮುಂದೆ ಪಾಕಿಸ್ತಾನದ ಮುಖ್ಯ ನ್ಯಾಯಮೂರ್ತಿಯಾದರು. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದಾಯ ತೆರಿಗೆ ಕಾನೂನಿತ್ತು. ಕೇಂದ್ರದ ಕಾನೂನು ಇಲ್ಲಿಗೆ ಬಂದದ್ದು 1950ರಲ್ಲಿ.

ಈ ಕಸುಬಿನ ಪುರಾಣಪುರುಷ ನಾನಿ ಪಾಲ್ಖಿವಾಲಾ. 1920ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಮೂವತ್ತರ ವಯಸ್ಸಿಗೆ ಜಮ್ಶೆಡ್‌ಜಿ ಕಾಂಗಾ ಅವರ ಜೊತೆ ಆದಾಯ ತೆರಿಗೆ ಕಾನೂನಿನ ಮೇಲೆ ಬರೆದ ಗ್ರಂಥ ಇಂದಿಗೂ ಪರಿಷ್ಕರಣೆಗೊಳ್ಳುತ್ತ ಮೇಜಿನ ಮೇಲಿದೆ. 1958ರಲ್ಲಿ ಹೋಟೆಲೊಂದರ ಸಭಾಂಗಣದಲ್ಲಿ ಶುರುವಾದ ಅವರ ಬಜೆಟ್ ಭಾಷಣಕ್ಕೆ ಕೊನೆಕೊನೆಗೆ ಬ್ರೆಬೋರ್ನ್ ಕ್ರಿಕೆಟ್ ಮೈದಾನವೇ ಬೇಕಾಯಿತು. ಕನ್ನಡಿಗರಿಗೆ ಅವರ ನೆನಪು ಕಾಸರಗೋಡಿನ ಎಡನೀರು ಮಠದ ಮೂಲಕ. ಅಲ್ಲಿನ ಕೇಶವಾನಂದ ಭಾರತೀ ಸ್ವಾಮೀಜಿ ಹೂಡಿದ ದಾವೆಯಲ್ಲಿ 13 ನ್ಯಾಯಮೂರ್ತಿಗಳ ಪೀಠದೆದುರು ವಾದಿಸಿ, ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಕೆಡವಲಾಗದು ಎಂಬ 1973ರ ತೀರ್ಪು ಪಡೆದವರು ಅವರು. ಸಂಸತ್ತಿನ ತಿದ್ದುಪಡಿಯ ಅಧಿಕಾರಕ್ಕೆ ಎಲ್ಲಿಯಾದರೂ ಗೆರೆ ಇರಲೇಬೇಕು ಎಂಬ ಹಟ, ವರ್ಷಾವರ್ಷ ತಿದ್ದುಪಡಿಯ ಪೆಟ್ಟು ತಿನ್ನುವ ತೆರಿಗೆ ವಕೀಲರಲ್ಲಿ ಹುಟ್ಟಿದ್ದು ಸಹಜವೇ ಅನ್ನಿಸುತ್ತದೆ.

ಪಾಲ್ಖಿವಾಲಾರ ಕಥೆ ಕೇಳಿ ಈ ಕ್ಷೇತ್ರಕ್ಕೆ ಬರುವ ಹುಡುಗ ಹುಡುಗಿಯರಿಗೆ ಒಂದು ಆಘಾತ ಕಾದಿರುತ್ತದೆ. ವಾಕ್ಚಾತುರ್ಯದ ಗಳಿಗೆ ಇಲ್ಲಿ ಅಪರೂಪ. ಮೊದಲ ಕೆಲವು ವರ್ಷ ಜೂನಿಯರ್‌ಗಳ ಕೆಲಸ ಕಿರ್ದಿ, ಖಾತೆ, ಬ್ಯಾಂಕ್ ಪಾಸ್‌ಬುಕ್, ಸೇಲ್ ಡೀಡ್, ಪಾಲುಪಟ್ಟಿಗಳನ್ನು ತಾಳೆ ನೋಡುವುದು, ಅವಧಿ ಮೀರುವ ಮುನ್ನ ಮೇಲ್ಮನವಿ ಸಲ್ಲಿಸುವುದು, ತಡವಾಗಿದ್ದರೆ ಮನ್ನಿಸಿ ಎಂದು ಅಫಿಡವಿಟ್ ಬರೆಯುವುದು. ಕಕ್ಷಿದಾರರ ಮೊದಲ ಪ್ರಶ್ನೆಯೂ ಕಾನೂನಿನದಲ್ಲ. 'ಬ್ಯಾಂಕ್ ಖಾತೆ ಅಟ್ಯಾಚ್ ಮಾಡಿದ್ದಾರೆ, ಸಂಬಳ ಕೊಡೋಕೆ ದುಡ್ಡಿಲ್ಲ, ಇವತ್ತೇ ಏನಾದ್ರೂ ಮಾಡಿ ಸಾರ್' ಎಂಬುದು. ವಿವಾದದಲ್ಲಿರುವ ತೆರಿಗೆಯ ಶೇ 20ರಷ್ಟು ಕಟ್ಟಿದರೆ ಮೊದಲ ಮೇಲ್ಮನವಿ ಮುಗಿಯುವತನಕ ಉಳಿದದ್ದಕ್ಕೆ ತಡೆ ಕೊಡಬಹುದು ಎಂದು 2017ರಲ್ಲಿ ಇಲಾಖೆ ಸಾಮಾನ್ಯ ನಿಯಮ ಮಾಡಿತ್ತು. ಹೀಗೆ ಮುಂಗಡ ಕಟ್ಟಬೇಕಾದ ಮೊತ್ತವನ್ನು ಕಂತು ಮಾಡಿಸುವುದು, ಇನ್ನಷ್ಟು ಇಳಿಸುವುದು, ಅದೂ ಆಗದಿದ್ದರೆ ಹೈಕೋರ್ಟಿಗೆ ಓಡುವುದು. ವಕೀಲರ ವಾರದ ಅರ್ಧ ಹೀಗೆ ಕಳೆಯುತ್ತದೆ.

ಅದಕ್ಕೂ ಮೊದಲಿನ ಮಾತೊಂದಿದೆ. ನಮ್ಮ ವರ್ತಕರು ತೆರಿಗೆಯ ವಿಷಯಕ್ಕೆ ಮೊದಲು ವಕೀಲರ ಬಳಿ ಹೋಗುವುದೇ ಇಲ್ಲ. ಹೋಗುವುದು ಆಡಿಟರ್ ಹತ್ತಿರ. ರಿಟರ್ನ್ ಸಲ್ಲಿಸುವವರು ಅವರು, ನೋಟಿಸು ಬಂದಾಗ ಉತ್ತರ ಬರೆಯುವವರೂ ಅವರೇ. ಕಾನೂನು ಕೂಡ ಇದಕ್ಕೆ ಒಪ್ಪುತ್ತದೆ: ತೆರಿಗೆ ಅಧಿಕಾರಿಯಿಂದ ನ್ಯಾಯಮಂಡಳಿಯವರೆಗೆ ಚಾರ್ಟರ್ಡ್ ಅಕೌಂಟೆಂಟರೂ ವಕೀಲರೂ ಸಮನಾಗಿ ಹಾಜರಾಗಬಹುದು. ಸಂಬಂಧಿಕರನ್ನು, ಕೆಲಸದವರನ್ನು ಕಳಿಸಲೂ ಅವಕಾಶವಿದೆ. ಹೈಕೋರ್ಟಿನ ಬಾಗಿಲಿಗೆ ಬಂದಾಗ ಮಾತ್ರ ಕರಿಕೋಟು ಕಡ್ಡಾಯ. ಈ ಗಡಿಯ ಮೇಲೆ ಜಗಳವೂ ನಡೆದಿದೆ. 2005ರಲ್ಲಿ ಸಂಸತ್ತು ರಾಷ್ಟ್ರೀಯ ತೆರಿಗೆ ನ್ಯಾಯಮಂಡಳಿ ಎಂಬುದನ್ನು ಸೃಷ್ಟಿಸಿ, ಹೈಕೋರ್ಟಿನ ಕೆಲಸವನ್ನು ಅದಕ್ಕೆ ವಹಿಸಿ, ಅಲ್ಲಿ ಅಕೌಂಟೆಂಟರೂ ವಾದಿಸಬಹುದು ಎಂದಿತು. ಮದ್ರಾಸಿನ ವಕೀಲರ ಸಂಘ ದಾವೆ ಹೂಡಿತು. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಕಾಯ್ದೆಯನ್ನೇ ರದ್ದು ಮಾಡಿತು. ನ್ಯಾಯಾಂಗದ ಸ್ವಾತಂತ್ರ್ಯ ಅಲ್ಲಿನ ಮುಖ್ಯ ಪ್ರಶ್ನೆ, ನಿಜ. ವಕೀಲರ ಅನ್ನದ ಪ್ರಶ್ನೆ ಅದರ ಹಿಂದೆಯೇ ನಿಂತಿತ್ತು ಎಂದರೆ ತಪ್ಪಾಗದು. ಊರುಗಳಲ್ಲಿ ಮಾತ್ರ ಇಬ್ಬರ ನಡುವೆ ಇರುವುದು ಹೊಂದಾಣಿಕೆ. ಅನೇಕ ತೆರಿಗೆ ವಕೀಲರಿಗೆ ಫೈಲು ಬರುವುದೇ ಆಡಿಟರ್ ಕೈಯಿಂದ. ಸಿಎ ಮುಗಿಸಿ ಕಾನೂನು ಓದಿದವರೂ ಇದ್ದಾರೆ. ಹಿರಿಯ ವಕೀಲ ಹರೀಶ್ ಸಾಳ್ವೆ ಕೂಡ ಮೊದಲು ಚಾರ್ಟರ್ಡ್ ಅಕೌಂಟೆಂಟ್.

ಈ ಕಸುಬಿನ ರುಚಿ ತಿಳಿಯಬೇಕಾದರೆ ಬೆಂಗಳೂರಿನ ಗಾಜಿನ ಕಟ್ಟಡಗಳಿಗಿಂತ ಶಿರಸಿಯ ಅಡಿಕೆ ವಹಿವಾಟು ನೋಡಬೇಕು. ಅಲ್ಲಿನ ತೋಟಗಾರ್ಸ್ ಸೇಲ್ ಸೊಸೈಟಿ ಸದಸ್ಯರ ಫಸಲನ್ನು ಮಾರಿ ಕೊಡುತ್ತದೆ. ಮಾರಿದ ಹಣ ಸದಸ್ಯರ ಕೈಸೇರುವ ಮುನ್ನ ಸ್ವಲ್ಪ ಕಾಲ ಸಂಘದಲ್ಲೇ ಇರುತ್ತದೆ. ಆ ಹಣವನ್ನು ಅಲ್ಪಾವಧಿ ಠೇವಣಿಯಲ್ಲಿಟ್ಟಾಗ ಬಡ್ಡಿ ಬಂತು. ಸಹಕಾರ ಸಂಘಗಳಿಗೆ 80ಪಿ ಕಲಮಿನಡಿ ಇರುವ ವಿನಾಯಿತಿ ಈ ಬಡ್ಡಿಗೂ ಸಿಗುತ್ತದೆಯೇ? ಇಲ್ಲ ಎಂದಿತು ಸುಪ್ರೀಂ ಕೋರ್ಟ್, 2010ರ ಫೆಬ್ರವರಿಯಲ್ಲಿ. ಇದು ಸಂಘದ ವ್ಯವಹಾರದ ಆದಾಯವಲ್ಲ, ಇತರ ಮೂಲದ ಆದಾಯ ಎಂಬುದು ಕಾರಣ.

ಅಷ್ಟಕ್ಕೇ ಮುಗಿಯಬೇಕಿತ್ತು. ಇಲಾಖೆ ಈ ತೀರ್ಪನ್ನು ಹಿಡಿದು ರಾಜ್ಯದ ಸಹಕಾರ ಸಂಘಗಳಿಗೆಲ್ಲ ನೋಟಿಸು ಕೊಡತೊಡಗಿತು. ತುಮಕೂರಿನ ವರ್ತಕರ ಸೌಹಾರ್ದ ಪತ್ತಿನ ಸಹಕಾರಿಯ ಪ್ರಕರಣದಲ್ಲಿ ವಕೀಲರು ಶಿರಸಿಯ ತೀರ್ಪನ್ನು ತಪ್ಪೆನ್ನಲಿಲ್ಲ, ಹೈಕೋರ್ಟಿನಲ್ಲಿ ಹಾಗೆನ್ನುವಂತೆಯೂ ಇರಲಿಲ್ಲ. ಶಿರಸಿಯ ಸಂಘ ಠೇವಣಿ ಇಟ್ಟದ್ದು ಸದಸ್ಯರಿಗೆ ಕೊಡಬೇಕಾದ ಹಣ, ಲೆಕ್ಕದಲ್ಲಿ ಅದು ಸಾಲದ ಬದಿಗೆ ಕೂರುತ್ತದೆ. ನಮ್ಮ ಸಂಘ ಇಟ್ಟದ್ದು ಸಾಲ ಕೊಟ್ಟು ಮಿಕ್ಕಿ, ಸದ್ಯಕ್ಕೆ ಕೇಳುವವರಿಲ್ಲದ ತನ್ನದೇ ಹಣ ಎಂದು ತೋರಿಸಿದರು. 2014ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಿತು. ಒಂದೇ ಕಲಮು, ಒಂದೇ ಬಗೆಯ ಠೇವಣಿ. ಆಸ್ತಿ ಹೊಣೆ ಪಟ್ಟಿಯಲ್ಲಿ ಹಣ ಯಾವ ಬದಿಗಿತ್ತು ಎಂಬುದೇ ಫಲಿತಾಂಶ ಬದಲಿಸಿತು. ನನ್ನ ಮಟ್ಟಿಗೆ ತೆರಿಗೆ ವಕೀಲಿಕೆಯ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಜೋಡಿ ತೀರ್ಪುಗಳಿಲ್ಲ. ಮುಂದಿನದು ಇನ್ನೂ ಸ್ವಾರಸ್ಯ. ಸಹಕಾರಿ ಬ್ಯಾಂಕಿನಲ್ಲಿಟ್ಟ ಹಣದ ಬಡ್ಡಿಯ ಬಗ್ಗೆ ಅದೇ ಶಿರಸಿಯ ಸಂಘದ ಬೇರೆ ಬೇರೆ ವರ್ಷಗಳ ಪ್ರಕರಣಗಳು 2017ರಲ್ಲಿ ಹೈಕೋರ್ಟಿನ ಮುಂದೆ ಬಂದವು. ಜನವರಿಯಲ್ಲಿ ಸಂಘ ಗೆದ್ದಿತು, ಜೂನ್‌ನಲ್ಲಿ ಸೋತಿತು. ಆಮೇಲೆ ದೇಶದ ಯಾವ ನ್ಯಾಯಮಂಡಳಿಯಲ್ಲಿ ಈ ಪ್ರಶ್ನೆ ಎದ್ದರೂ ಒಂದು ಕಡೆಯವರ ಕೈಯಲ್ಲಿ ಜನವರಿಯ ತೀರ್ಪು, ಇನ್ನೊಂದು ಕಡೆಯವರ ಕೈಯಲ್ಲಿ ಜೂನ್‌ನ ತೀರ್ಪು.

ಕಾಫಿ ಸೀಮೆಯ ವಕೀಲಿಕೆ ಇನ್ನೊಂದು ಬಗೆ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯದ್ದು. 1957ರ ಕೃಷಿ ಆದಾಯ ತೆರಿಗೆ ಕಾಯ್ದೆ ಒಂದು ಕಾಲಕ್ಕೆ ಮಡಿಕೇರಿ, ಚಿಕ್ಕಮಗಳೂರಿನ ವಕೀಲರಿಗೆ ಕೈತುಂಬ ಕೆಲಸ ಕೊಟ್ಟಿತ್ತು. ಈಗಿನ ಪ್ರಶ್ನೆ, ಕಾಫಿ ಎಲ್ಲಿಯವರೆಗೆ ಕೃಷಿ, ಎಲ್ಲಿಂದ ವ್ಯಾಪಾರ? ಬೆಳೆದು ತಾನೇ ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 25 ಭಾಗ ಕೇಂದ್ರದ ತೆರಿಗೆಗೆ ಒಳಪಡುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಮರದಿಂದ ಲೋಟದವರೆಗಿನ ದಾರಿಯಲ್ಲಿ ಎಲ್ಲಿ ಗೆರೆ ಬಿತ್ತು ಎಂದು ಹೇಳಬೇಕಾದ ವಕೀಲರಿಗೆ ಡ್ರೈಯಿಂಗ್ ಯಾರ್ಡು, ಹಲ್ಲಿಂಗ್ ಎಂದರೇನು ಎಂಬುದೂ ಗೊತ್ತಿರಬೇಕು.

ಬೆಂಗಳೂರು ಈ ಕಸುಬಿಗೆ ಕೊಟ್ಟದ್ದು ಸಾಫ್ಟ್‌ವೇರ್. ಇನ್ಫೊಸಿಸ್ ತೊಂಬತ್ತರ ದಶಕದಲ್ಲಿ ನೌಕರರಿಗೆ ಕೊಟ್ಟ ಷೇರುಗಳನ್ನು ಐದು ವರ್ಷ ಮಾರುವಂತಿರಲಿಲ್ಲ. ಮಾರಲಾಗದ ಷೇರು ಆ ವರ್ಷದ ಸಂಬಳದ ಭಾಗವೇ ಎಂಬ ಪ್ರಶ್ನೆಗೆ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಎಂದು ಉತ್ತರಿಸಿತು. ಅದಕ್ಕಿಂತ ದೊಡ್ಡದು ಸಿದ್ಧ ಸಾಫ್ಟ್‌ವೇರಿನ ವಿವಾದ. ವಿದೇಶದಿಂದ ತರಿಸಿದ ಪ್ರತಿಗೆ ಕೊಡುವ ಹಣ ವಸ್ತುವಿನ ಬೆಲೆಯೋ, ಹಕ್ಕುಸ್ವಾಮ್ಯಕ್ಕೆ ಕೊಟ್ಟ ರಾಯಲ್ಟಿಯೋ? ರಾಯಲ್ಟಿಯಾದರೆ ಹಣ ಕಳಿಸುವಾಗಲೇ ತೆರಿಗೆ ಹಿಡಿಯಬೇಕು. ಕರ್ನಾಟಕ ಹೈಕೋರ್ಟ್ 2011ರಲ್ಲಿ ರಾಯಲ್ಟಿ ಎಂದಿತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಮುಖ್ಯ ಪ್ರಕರಣದ ಮೊದಲ ವರ್ಷ 2001-02. ಆಗ ಕಡತ ಜೋಡಿಸಿದ ಜೂನಿಯರ್ ತೀರ್ಪು ಬರುವ ಹೊತ್ತಿಗೆ ಸೀನಿಯರ್ ಆಗಿರಬೇಕು.

ಗೆದ್ದ ವಾದ ಅಳಿಸಿಹೋದ ಇನ್ನೊಂದು ಉದಾಹರಣೆ ವೊಡಾಫೋನ್ ಪ್ರಕರಣ; ಎಲ್ಲರಿಗೂ ಗೊತ್ತಿರುವುದೇ, ಚುಟುಕಾಗಿ ಹೇಳುತ್ತೇನೆ. 2012ರ ಜನವರಿ 20ರಂದು ಮುಖ್ಯ ನ್ಯಾಯಮೂರ್ತಿ ಕಪಾಡಿಯಾ ಅವರ ಪೀಠ, ವಿದೇಶದಲ್ಲಿ ನಡೆದ ಷೇರು ಮಾರಾಟಕ್ಕೆ ಇಲ್ಲಿ ತೆರಿಗೆ ಇಲ್ಲ ಎಂದಿತು. ಕೆಲವೇ ತಿಂಗಳಲ್ಲಿ ಬಂದ ಹಣಕಾಸು ಕಾಯ್ದೆ, ಕಾನೂನಿನ ಅರ್ಥ 1962ರಿಂದಲೂ ಬೇರೆಯೇ ಇತ್ತು ಎಂದು ವಿವರಣೆ ಬರೆಯಿತು. ಊದುಬತ್ತಿಯ ಪ್ರಕರಣದಲ್ಲಿ ಸರ್ಕಾರ ಮುಂದಿನ ದಿನಗಳನ್ನಷ್ಟೇ ಬದಲಿಸಿತ್ತು. ಇಲ್ಲಿ ಅರ್ಧ ಶತಮಾನದ ಹಿಂದಿನದನ್ನೂ ಬದಲಿಸಿತು. ಅಂತರರಾಷ್ಟ್ರೀಯ ಪಂಚಾಯಿತಿಯಲ್ಲಿ ಸೋತ ಮೇಲೆ 2021ರಲ್ಲಿ ಆ ಹೆಜ್ಜೆಯನ್ನು ಹಿಂದಕ್ಕಿಟ್ಟಿತು.

ತೆರಿಗೆ ವಕೀಲರು ಶ್ರೀಮಂತರ ತೆರಿಗೆ ತಪ್ಪಿಸುವವರು ಎಂಬ ಮಾತು ಹಳೆಯದು, ಪೂರ್ತಿ ಸುಳ್ಳೂ ಅಲ್ಲ. 1985ರ ಮ್ಯಾಕ್‌ಡೊವೆಲ್ ತೀರ್ಪಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ತೆರಿಗೆ ತಪ್ಪಿಸುವ ಜಾಣತನವನ್ನು ಕಟುವಾಗಿ ಖಂಡಿಸಿದರು. 2003ರಲ್ಲಿ ಅದೇ ಸುಪ್ರೀಂ ಕೋರ್ಟ್ ಮಾರಿಷಸ್ ಮೂಲಕ ಹಣ ಹೂಡುವುದನ್ನು ಊರ್ಜಿತವೆಂದಿತು. ಬರೀ ತೆರಿಗೆ ಉಳಿಸಲೆಂದೇ ಕಟ್ಟಿದ ವ್ಯವಹಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವ ಅಧಿಕಾರ 2017ರ ಏಪ್ರಿಲ್‌ನಿಂದ ಇಲಾಖೆಗೆ ಬಂದಿದೆ. ಆದರೆ ಸಾಮಾನ್ಯ ವಕೀಲರ ಎದುರು ಧರ್ಮಸಂಕಟ ಬರುವುದು ಮಾರಿಷಸ್ಸಿನ ರೂಪದಲ್ಲಲ್ಲ. 'ಹಳೇ ಛಾಪಾ ಕಾಗದ ಸಿಕ್ಕಿದೆ, ಪಾಲುಪಟ್ಟಿ ಎರಡು ವರ್ಷ ಹಿಂದಿನ ತಾರೀಕಿಗೆ ಮಾಡಿಕೊಡಿ' ಎಂದು ಬರುವ ಅವಿಭಕ್ತ ಕುಟುಂಬದ ಯಜಮಾನರ ರೂಪದಲ್ಲಿ. ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಸಾಕ್ಷ್ಯ ಕಾನೂನು ಗುಟ್ಟಾಗಿ ಕಾಪಾಡುತ್ತದೆ. ಲೆಕ್ಕಪರಿಶೋಧಕರಿಗೆ ಆ ರಕ್ಷೆಯಿಲ್ಲ. ಅಕ್ರಮಕ್ಕೆ ನೆರವಾಗುವ ಮಾತಿಗೆ ಮಾತ್ರ ಆ ರಕ್ಷೆ ವಕೀಲರಿಗೂ ಸಿಗುವುದಿಲ್ಲ. ಯಜಮಾನರನ್ನು ವಾಪಸ್ ಕಳಿಸಿದರೆ ಪಕ್ಕದ ರಸ್ತೆಯವರಿಗೆ ಫೀಸು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಕಳೆದ ಐದಾರು ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಗಿದೆ. 2020ರ ಆಗಸ್ಟ್‌ನಲ್ಲಿ ಮುಖಾಮುಖಿಯಿಲ್ಲದ ಅಸೆಸ್‌ಮೆಂಟ್ ಬಂದಾಗಿನಿಂದ ಶಿವಮೊಗ್ಗದ ವರ್ತಕರ ಕಡತ ದೇಶದ ಯಾವುದೋ ಊರಿನ, ಹೆಸರು ಗೊತ್ತಿಲ್ಲದ ಅಧಿಕಾರಿಯ ಮುಂದಿರುತ್ತದೆ. ಮೊದಲು ಅಧಿಕಾರಿಯ ಮುಂದೆ ಕೂತು, ಅಡಿಕೆ ವ್ಯಾಪಾರದಲ್ಲಿ ನಗದು ಏಕೆ ಓಡಾಡುತ್ತದೆ ಎಂದು ಬಾಯಲ್ಲಿ ವಿವರಿಸಬಹುದಿತ್ತು. ಅಧಿಕಾರಿಯೂ ಮಂಡಿ ನೋಡಿದವರಾಗಿರುತ್ತಿದ್ದರು. ಲಂಚದ ದಾರಿ ಕಿರಿದಾಯಿತು ಎಂಬುದು ನಿಜವಾದ ಲಾಭ. ಆದರೆ ಅಡಿಕೆ ಮರವನ್ನೇ ಕಾಣದ ಅಧಿಕಾರಿಗೆ ರಾಶಿ, ಚಾಲಿಯ ಧಾರಣೆಯನ್ನು ಬರಹದಲ್ಲೇ ಮನಗಾಣಿಸಬೇಕು, ಅದೂ ಪೋರ್ಟಲ್ ಕೊಟ್ಟ ಗಡುವಿನೊಳಗೆ. ಹಾಗಾಗಿ ಈಗಿನ ತೆರಿಗೆ ವಕೀಲರ ಮುಖ್ಯ ಆಯುಧ ನಾಲಿಗೆ ಅಲ್ಲ, ಬರವಣಿಗೆ. ಆ ಬರವಣಿಗೆಯನ್ನು ಯಂತ್ರಕ್ಕೆ ಒಪ್ಪಿಸುವ ಆಸೆಯ ಅಪಾಯವನ್ನೂ ಬೆಂಗಳೂರು ಕಂಡಿದೆ. ಇಲ್ಲಿನ ನ್ಯಾಯಮಂಡಳಿ ಪೀಠ 2024ರ ಡಿಸೆಂಬರ್ ಕೊನೆಗೆ ಕೊಟ್ಟ ಆದೇಶವೊಂದರಲ್ಲಿ ಎಲ್ಲೂ ಇಲ್ಲದ ತೀರ್ಪುಗಳ ಉಲ್ಲೇಖವಿತ್ತು. ಬಯಲಾದ ಮೇಲೆ ಆದೇಶವನ್ನು ಹಿಂಪಡೆಯಬೇಕಾಯಿತು.

ಇದೇ ಹೊತ್ತಿಗೆ ಕೆಳಗಿನ ಮೆಟ್ಟಿಲಲ್ಲಿ ಜನ ಹೆಚ್ಚಿದ್ದಾರೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಗಳ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ಬೇಡಿಕೆ 29 ಲಕ್ಷ ರೂಪಾಯಿ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅದನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಅರ್ಧ ಪುಟದ ಉತ್ತರ ಸಾಕಿತ್ತು. ಅದನ್ನು ಬರೆಯಬಲ್ಲವರು ಯಾರು ಎಂದು ಆ ಅಂಗಡಿಯವರಿಗೆ ಗೊತ್ತಿರಲಿಲ್ಲ. ಎಷ್ಟೋ ಕಡೆ ಕ್ಯೂಆರ್ ಫಲಕ ತೆಗೆದು 'ನಗದು ಮಾತ್ರ' ಎಂದು ಬರೆದದ್ದೇ ಉತ್ತರವಾಯಿತು. ಕೊನೆಗೆ ಮುಖ್ಯಮಂತ್ರಿಗಳ ಸಭೆಯಿಂದ ಗದ್ದಲ ತಣ್ಣಗಾಯಿತು. ತೆರಿಗೆ ವಕೀಲಿಕೆಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಈ ವೃತ್ತಿಯ ಹಣ, ಹೆಸರು ಎರಡೂ ಮೇಲಿನ ಕೋರ್ಟುಗಳಲ್ಲಿವೆ. ಅಗತ್ಯವಿರುವುದು ಮೊದಲ ನೋಟಿಸಿನ ಹಂತದಲ್ಲಿ. ಆ ಹಂತದಲ್ಲಿ ಸರಿಯಾಗಿ ಬರೆದ ಉತ್ತರ ಮುಂದಿನ ನಾಲ್ಕು ಮೇಲ್ಮನವಿಗಳನ್ನು ಉಳಿಸುತ್ತದೆ. ಹಾಗೆ ಉಳಿಸಿದ ವಕೀಲರ ಹೆಸರು ಯಾವ ಕಾನೂನು ವರದಿಯಲ್ಲೂ ಅಚ್ಚಾಗುವುದಿಲ್ಲ.

ಹೊಸಬರ ಗಳಿಕೆಯ ಬಗ್ಗೆ ಮುಚ್ಚುಮರೆ ಬೇಡ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಿ ಎಂದು ಶಿಫಾರಸು ಮಾಡಿತು. ಶಿಫಾರಸು ಮಾಡಬೇಕಾಯಿತು ಎಂಬುದರಲ್ಲೇ ಸ್ಥಿತಿ ತಿಳಿಯುತ್ತದೆ. ದೊಡ್ಡ ಲೆಕ್ಕಪತ್ರ ಸಂಸ್ಥೆಗಳು, ಬಹುರಾಷ್ಟ್ರೀಯ ಕಂಪನಿಗಳ ತೆರಿಗೆ ವಿಭಾಗಗಳು ಆರಂಭದಲ್ಲೇ ಇದಕ್ಕಿಂತ ಎಷ್ಟೋ ಪಟ್ಟು ಸಂಬಳ ಕೊಡುತ್ತವೆ. ಆದರೆ ಕಂಪನಿಯ ಸಂಬಳಕ್ಕೆ ಸೇರಿದವರು ಸನ್ನದನ್ನು ಬದಿಗಿಡಬೇಕು. ಇಲಾಖೆಯ ಪರ ಸ್ಟ್ಯಾಂಡಿಂಗ್ ಕೌನ್ಸೆಲ್ ಆಗುವುದು ಇನ್ನೊಂದು ದಾರಿ: ಫೀಸು ಕಡಿಮೆ, ಅನುಭವ ಹೇರಳ. ಇಲ್ಲೂ ಒಂದು ಬದಲಾವಣೆಯಾಗಿದೆ. 2024ರ ಸೆಪ್ಟೆಂಬರ್‌ನಿಂದ ವಿವಾದದ ತೆರಿಗೆ 60 ಲಕ್ಷ ಮೀರದಿದ್ದರೆ ನ್ಯಾಯಮಂಡಳಿಗೆ, 2 ಕೋಟಿ ಮೀರದಿದ್ದರೆ ಹೈಕೋರ್ಟಿಗೆ, 5 ಕೋಟಿ ಮೀರದಿದ್ದರೆ ಸುಪ್ರೀಂ ಕೋರ್ಟಿಗೆ ಇಲಾಖೆ ಸಾಮಾನ್ಯವಾಗಿ ಹೋಗುವುದಿಲ್ಲ. ಸಣ್ಣ ತೆರಿಗೆದಾರರಿಗೆ ಇದು ವರ. ಸೀನಿಯರ್‌ಗಳು 'ನೀನೇ ವಾದ ಮಾಡು ಹೋಗಪ್ಪಾ' ಎಂದು ಜೂನಿಯರ್‌ಗಳಿಗೆ ಬಿಡುತ್ತಿದ್ದ ಮೊಕದ್ದಮೆಗಳೂ ಇವೇ ಆಗಿದ್ದವು.

ಇಷ್ಟರ ನಡುವೆ ಪುಸ್ತಕವೇ ಬದಲಾಗಿದೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ. 536 ಕಲಮು, 23 ಅಧ್ಯಾಯ, 16 ಅನುಸೂಚಿ. ಹಿಂದಿನ ವರ್ಷ, ಅಸೆಸ್‌ಮೆಂಟ್ ವರ್ಷ ಎಂಬ ಗೊಂದಲದ ಜೋಡಿ ಹೋಗಿ 'ತೆರಿಗೆ ವರ್ಷ' ಒಂದೇ ಉಳಿದಿದೆ. ಕಲಮುಗಳ ಸಂಖ್ಯೆಗಳು ಅದಲುಬದಲಾಗಿವೆ; 148, 263, 80ಪಿ ಎಂದು ನಿದ್ದೆಯಲ್ಲೂ ಹೇಳುತ್ತಿದ್ದ ಹಿರಿಯರು ಈಗ ಹೊಂದಾಣಿಕೆ ಕೋಷ್ಟಕ ಇಟ್ಟುಕೊಂಡು ಕೂತಿದ್ದಾರೆ, ಅವರ ಜೂನಿಯರ್‌ಗಳೂ ಅದೇ ಕೋಷ್ಟಕದೆದುರು ಕೂತಿದ್ದಾರೆ. ಅಪರೂಪಕ್ಕೆ ಇಬ್ಬರೂ ಸಮಾನರು. ಹಳೆಯ ವರ್ಷಗಳ ವಿವಾದಗಳು ಮಾತ್ರ ಹಳೆಯ ಕಾಯ್ದೆಯಡಿಯೇ ನಡೆಯಬೇಕು. ಸಾಫ್ಟ್‌ವೇರ್ ರಾಯಲ್ಟಿಯ ಪ್ರಶ್ನೆ ಇಪ್ಪತ್ತು ವರ್ಷ ತೆಗೆದುಕೊಂಡಿತು. ಅದೇ ವೇಗದಲ್ಲಿ ಹೋದರೆ 1961ರ ಕಾಯ್ದೆಯ ಕೊನೆಯ ಕಡತಗಳು 2045ರ ಸುಮಾರಿಗೂ ಬೆಂಗಳೂರು, ಧಾರವಾಡ, ಕಲಬುರಗಿಯ ಕಾಸ್ ಲಿಸ್ಟಿನಲ್ಲಿ ಇರುತ್ತವೆ. ಈ ವರ್ಷ ಸನ್ನದು ಪಡೆದವರು ಎರಡೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟುಕೊಳ್ಳಬೇಕು. ಹಳೆಯದನ್ನು ಕೊಳ್ಳುವುದಿದ್ದರೆ ಈಗಲೇ ಕೊಂಡಿಡುವುದು ಒಳ್ಳೆಯದು.